ಮುಟ್ಟದೆ ಹಿಡಿಯುವ ಬಳೆ

ಆ ಊರಿನಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಬೆಂಕಿ ಮುಟ್ಟುವ ಹಾಗಿರಲಿಲ್ಲ. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ಮೇಲೊಂದು ಮಡಕೆ ಬೋರಲು ಹಾಕಿದರೆ ಮತ್ತೆ ಕೋಳಿ ಕೂಗುವ ತನಕ ಬೆಂಕಿಯ ಮಾತೇ ಇಲ್ಲ. ಹಿಂದೆ ಯಾವುದೋ ಕಾಲದಲ್ಲಿ ಒಂದು ಹಣತೆ ಉರುಳಿ ಊರಿಗೆ ಊರೇ ಸುಟ್ಟುಹೋಗಿತ್ತಂತೆ. ಉಳಿದವರು ಬಿಸಿ ಬೂದಿಯ ಮೇಲೆ ನಿಂತು ಆಣೆ ಇಟ್ಟರಂತೆ. ಆ ಆಣೆಯನ್ನು ಯಾರೂ ಮುರಿದಿರಲಿಲ್ಲ. ಹಾಗಂತ ಕತ್ತಲಲ್ಲಿ ಕೂರುವ ಜನವೂ ಅವರಲ್ಲ. ಅವರಿಗೆ ಕೈದಿಗಳಿದ್ದರು.

ಬೀದಿಗೊಬ್ಬ ಕೈದಿ. ಬೀದಿಯ ನಡುವೆ ಒಂದು ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಅವನು, ಅವನ ಎರಡು ಕೈಗೆ ಎರಡು ಬೆಳಕಿನ ಬಳೆ. ಬೆಟ್ಟದಾಚೆಯಿಂದ ಬಳೆಗಾರ ಬಂದು ತೊಡಿಸಿ ಹೋಗುತ್ತಿದ್ದ. ಅದು ಗಾಜಿನದಲ್ಲ, ಲೋಹದ್ದಲ್ಲ. ಮಕ್ಕಳು ಇದ್ದಲಿನಿಂದ ಗೋಡೆಯ ಮೇಲೆ ಕಳ್ಳನ ಚಿತ್ರ ಬಿಡಿಸುವಾಗ ಕೈಗೊಂದು ಸೊನ್ನೆ ಸುತ್ತಿ, ಸೊನ್ನೆಯ ಸುತ್ತ ಗೀಟು ಗೀಟು ಎಳೆಯುತ್ತಾರಲ್ಲ, ಥೇಟ್ ಹಾಗೆ. ತಿಳಿನೀಲಿ ಬೆಳಕಿನ ಉಂಗುರ ಮಣಿಕಟ್ಟಿನ ಸುತ್ತ ಗಾಳಿಯಲ್ಲಿ ತೇಲುತ್ತಿತ್ತು. ಜೇನುಗೂಡಿಗೆ ಕಿವಿ ಕೊಟ್ಟ ಹಾಗೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಬಳೆ ಮುಟ್ಟುತ್ತಿರಲಿಲ್ಲ. ಮುಟ್ಟದೆ ಹಿಡಿದಿತ್ತು. ಕೈದಿ ಕಲ್ಲು ಬಿಟ್ಟು ಏಳಲು ಹೊರಟರೆ, ರೋಷ ಬಂದು ಕೈ ಜಗ್ಗಿದರೆ, ಆಗ ಮುಟ್ಟುತ್ತಿತ್ತು. ಮುಟ್ಟಿದೊಡನೆ ನೀಲಿ ಹೋಗಿ ಬಳೆ ಬೆಳ್ಳಗಾಗುತ್ತಿತ್ತು. ಆಗ ಬೀದಿಯ ಕೊನೆಯ ಮನೆಯ ಬಾಗಿಲ ಚಿಲಕವೂ ಕಾಣುತ್ತಿತ್ತು.

ಶಿಕ್ಷೆಗೆ ಇಷ್ಟು ದಿನ ಎಂದು ಇರಲಿಲ್ಲ. ಬೇವು ಹೂ ಬಿಟ್ಟ ಅಮಾವಾಸ್ಯೆಯ ಸಂಜೆ ಬೀದಿಯವರೆಲ್ಲ ಕಲ್ಲಿನ ಸುತ್ತ ಎಲೆ ಹಾಕಿಕೊಂಡು ಒಟ್ಟಿಗೆ ಉಣ್ಣುತ್ತಿದ್ದರು. ಉಂಡಾದ ಮೇಲೆ ಬೀದಿಯ ಯಜಮಾನ ಎದ್ದು ನಿಂತು, ‘ಸಾಕೇ?’ ಎಂದು ಕೇಳುತ್ತಿದ್ದ. ಬಡಿಸಲು ಬಂದವರಿಗೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು ಸಾಕು ಅನ್ನುತ್ತೇವಲ್ಲ, ಹಾಗೆ ಆ ಬೀದಿಯಲ್ಲಿ ಹುಟ್ಟಿದ ಯಾರಾದರೂ ಒಬ್ಬರು ಬಳೆಯ ಮೇಲೆ ಅಂಗೈ ಅಡ್ಡ ಹಿಡಿದು ಸಾಕು ಅಂದರೆ ಮುಗಿಯಿತು. ಬಳೆ ಕಳಚಿ ಮಂಜಿನ ಹಾಗೆ ಕರಗುತ್ತಿತ್ತು. ಆದರೆ ಸಾಕು ಅಂದವರು ಮುಂದೆ ಬದುಕಿರುವ ತನಕ ಯಾವ ಬೀದಿಯ ಬೆಳಕಿಗೂ ಹೋಗಿ ಕೂರುವ ಹಾಗಿರಲಿಲ್ಲ. ಹೊತ್ತು ಮುಳುಗಿತೆಂದರೆ ಕತ್ತಲೇ ಅವರ ಪಾಲು. ಬೀದಿಗೂ ಅಷ್ಟೆ, ಬಳೆಗಾರ ಇನ್ನೊಬ್ಬನನ್ನು ಹುಡುಕಿ ತರುವ ತನಕ ಕತ್ತಲು. ಹೀಗಾಗಿ ಯಜಮಾನ ಸಾಕೇ ಎಂದು ಕೇಳಿದರೆ ಎಲ್ಲರೂ, ಪಾಯಸದ ಮುಂದೆ ಕೂತ ನೆಂಟರ ಹಾಗೆ, ‘ಇನ್ನೂ ಸ್ವಲ್ಪ’ ಅನ್ನುತ್ತಿದ್ದರು. ವರ್ಷ ವರ್ಷವೂ ಕೇಳುತ್ತಿದ್ದರು, ವರ್ಷ ವರ್ಷವೂ ಇನ್ನೂ ಸ್ವಲ್ಪ ಅನ್ನುತ್ತಿದ್ದರು.

ಊರಿನ ಬೀದಿಗಳಲ್ಲೆಲ್ಲ ಒಳ್ಳೆಯ ಬೆಳಕು ಕೆಳಬೀದಿಯದು. ಇದನ್ನು ಕೆಳಬೀದಿಯಲ್ಲಿ ಹುಟ್ಟಿದ ಓದುವವಳು ಮುದುಕಿಯಾದ ಮೇಲೂ ಹಟ ಹಿಡಿದು ಹೇಳುತ್ತಿದ್ದಳು. ಅವಳಿಗೆ ಕಣ್ಣು ಮುಚ್ಚಿದರೆ ಅದೇ ಸಂಜೆ ಕಾಣುತ್ತಿತ್ತು. ಕಲ್ಲಿನ ಸುತ್ತ ಗೋಣಿ ಹಾಸಿಕೊಂಡ ಹೆಂಗಸರು ಎಳ್ಳು ಆರಿಸುತ್ತಿದ್ದಾರೆ. ಮುದುಕರು ಚೌಕಾಬಾರದ ಕವಡೆ ಬಿಟ್ಟು ಜಗಳವಾಡುತ್ತಿದ್ದಾರೆ. ಹಪ್ಪಳದ ಹಿಟ್ಟು ಕುಟ್ಟುವವರ ಒನಕೆಗೂ ಬಳೆಯ ಗುಂಯ್‌ಗೂ ಶ್ರುತಿ ಕೂಡಿದೆ. ಕೂಸುಗಳಿಗೆ ಜೋಗುಳ ಬೇಕಿಲ್ಲ, ಆ ಗುಂಯ್ ಕೇಳಿಯೇ ಮಲಗುತ್ತವೆ. ಎಲ್ಲರ ಮನೆಯ ಮೊದಲ ತುತ್ತು ಕಲ್ಲಿನ ಮೇಲಿದ್ದವನಿಗೆ. ಅವನನ್ನು ಯಾರೂ ಕೈದಿ ಅನ್ನುತ್ತಿರಲಿಲ್ಲ. ಬೆಳಕಣ್ಣ ಅನ್ನುತ್ತಿದ್ದರು. ಏನು ತಪ್ಪು ಮಾಡಿ ಬಂದೆ ಎಂದು ಕೇಳುತ್ತಿರಲಿಲ್ಲ. ಅದು ಮರ್ಯಾದೆಯಲ್ಲ.

ಬೇರೆ ಬೀದಿಗಳ ಕೈದಿಗಳು ಕೂಗಾಡುತ್ತಿದ್ದರು. ಅವರು ಜಗ್ಗಿದಾಗ ಕಣ್ಣು ಕುಕ್ಕುವ ಬಿಳಿ, ಸೋತಾಗ ಮಬ್ಬು. ಬೆಳಕಣ್ಣ ಹಾಗಲ್ಲ. ಅವನು ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಮಡಿಲಲ್ಲಿ ಒಂದು ಮಡಿಸಿದ ಬಟ್ಟೆ, ಅದರ ಮೇಲೆ ಎರಡು ಕೈ. ಬಳೆ ಮಾತ್ರ ಬೇಕಾದಾಗ ಬೇಕಾದಷ್ಟು, ಮೆಲ್ಲಗೆ ಬೆಳಗಿ ಮೆಲ್ಲಗೆ ಇಳಿಯುತ್ತಿತ್ತು. ಒಳ್ಳೆಯವನಿಗೆ ಒಳ್ಳೆಯ ಬೆಳಕು ಎಂದು ಕೆಳಬೀದಿಯವರು ಮಾತಾಡಿಕೊಂಡು ಅವನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದರು.

ಓದುವವಳು ಆಗ ಎರಡು ಜಡೆಯ ಹುಡುಗಿ. ಕೆಳಬೀದಿಯ ಮಕ್ಕಳಿಗೆ ಹಗಲೆಲ್ಲ ಕೆಲಸ. ಅಕ್ಷರ ಕಲಿಸುವ ಮನೆ ಇದ್ದದ್ದು ಗುಡ್ಡದ ಮೇಲಿನ ಮೇಲ್ಬೀದಿಯಲ್ಲಿ, ಅದೂ ಹಗಲಲ್ಲಿ. ಒಂದು ದಿನ ಬೆಲ್ಲ ಮಾರುವವನು ಬೆಲ್ಲ ಸುತ್ತಿ ಕೊಟ್ಟ ಹಾಳೆಯನ್ನು ನೋಡಿ, ಇದು ನಿಮ್ಮ ಹೆಂಗಸರು ಹೇಳುವ ಬೀಸುವ ಹಾಡೇ ಎಂದು ಹೇಳಿ ಹೋದ. ಅಷ್ಟು ಸಾಕಾಯಿತು ಹುಡುಗಿಗೆ. ಹಾಡು ಅವಳಿಗೆ ಬಾಯಿಪಾಠ. ಬೆಳಕಣ್ಣನ ಕಲ್ಲಿಗೆ ಒರಗಿ ಕೂತು, ಒಂದೊಂದು ಸೊಲ್ಲು ಹೇಳುತ್ತ ಒಂದೊಂದು ಗುರುತಿನ ಮೇಲೆ ಬೆರಳಿಟ್ಟಳು. ತಪ್ಪಿದಳು. ಮತ್ತೆ ಮೊದಲಿನಿಂದ ಇಟ್ಟಳು. ಎರಡು ಮಳೆಗಾಲ ಕಳೆಯುವುದರಲ್ಲಿ ಬೆಲ್ಲದ ಅಂಟು ಹತ್ತಿದ ಆ ಹಾಳೆ ಅವಳಿಗೆ ಬಾಯಿಬಿಟ್ಟು ಮಾತಾಡಿತು.

ಕಲ್ಲಿಗೆ ಅಷ್ಟು ಹತ್ತಿರ ಕೂತರೆ ಬಳೆಯ ಸೆಳೆತಕ್ಕೆ ಹುಡುಗಿಯ ತಲೆಗೂದಲು ಒಂದೊಂದಾಗಿ ಎದ್ದು ನಿಲ್ಲುತ್ತಿತ್ತು. ಬೀದಿಯವರು ನಗುತ್ತಿದ್ದರು. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಬೆಲ್ಲದವನಿಂದಲೇ ಒಂದು ರಟ್ಟಿಲ್ಲದ ಕಥೆಯ ಪುಸ್ತಕ ಸಂಪಾದಿಸಿದಳು. ಅದರಲ್ಲಿ ಅಕ್ಷರ ಸಾಸಿವೆಯಷ್ಟು ಸಣ್ಣ. ಮೊದಲ ದಿನ ಏನೂ ಕಾಣಲಿಲ್ಲ. ಹಟ ಬಂತು. ಪುಸ್ತಕಕ್ಕೆ ಮೂಗು ತಾಗಿಸಿ ಕಣ್ಣು ಕಿರಿದು ಮಾಡಿದಳು. ಆಗ ಒಂದು ಸೋಜಿಗವಾಯಿತು. ಸಾಲುಗಳು ತಾವಾಗಿ ಬೆಳಗಿದವು. ಪುಟ ತಿರುಗಿಸುವಾಗ ಬೆಳಕು ಇಳಿಯಿತು, ಅವಳು ಕಣ್ಣು ಕಿರಿದು ಮಾಡಿದೊಡನೆ ಮತ್ತೆ ಏರಿತು. ತನ್ನ ಕಣ್ಣಿನಲ್ಲೇ ಏನೋ ಇದೆ, ತಾನು ನೋಡಿದರೆ ಅಕ್ಷರ ಬೆಳಗುತ್ತದೆ ಎಂದು ಹುಡುಗಿ ತಿಳಿದಳು. ಯಾರಿಗೂ ಹೇಳಲಿಲ್ಲ. ಸಾಲು ಬೆಳಗಿದಾಗೆಲ್ಲ ಸಣ್ಣಗೆ ಒಂದು ವಾಸನೆ ಬರುತ್ತಿತ್ತು, ಬಿಸಿ ಕಾವಲಿಗೆ ಕೂದಲೆಳೆ ಬಿದ್ದ ಹಾಗೆ. ಅದು ಪುಸ್ತಕದ ವಾಸನೆ ಎಂದುಕೊಂಡಳು. ಆ ವಾಸನೆ ಅವಳಿಗೆ ಇಷ್ಟವಾಗಿತ್ತು.

ಒಂದು ಸಂಜೆ ಕಲ್ಲಿನ ಹಿಂದಿನ ಸುಣ್ಣದ ಗೋಡೆಯ ಮೇಲೆ ಇದ್ದಲಿನಿಂದ ಬೆಳಕಣ್ಣನ ಚಿತ್ರ ಬರೆದಳು. ಎರಡು ಕೈ, ಎರಡು ಸೊನ್ನೆ, ಸುತ್ತ ಗೀಟು. ಮುಖಕ್ಕೆ ಹಲ್ಲೆಲ್ಲ ಕಾಣುವ ಹಾಗೆ ಒಂದು ದೊಡ್ಡ ನಗು.

ಪುಸ್ತಕದಲ್ಲಿ ಒಬ್ಬ ಅಂಬಿಗಿತ್ತಿಯ ಕಥೆ ಇತ್ತು. ಹೊಳೆ ತುಂಬಿದೆ, ಹುಟ್ಟು ಮುರಿದಿದೆ, ದೋಣಿ ನಡುನೀರಿನಲ್ಲಿ ತಿರುಗುತ್ತಿದೆ, ಆಚೆ ದಡದಲ್ಲಿ ಅವಳ ಅಪ್ಪ ಕೈ ಅಡ್ಡ ಹಿಡಿದು ನೋಡುತ್ತ ನಿಂತಿದ್ದಾನೆ. ಹುಡುಗಿ ಜೋರಾಗಿ ಓದುತ್ತ ಅಲ್ಲಿಗೆ ಬಂದಿದ್ದಳು. ಆ ಹೊತ್ತಿಗೆ ಮೇಲ್ಬೀದಿಯಿಂದ ಜನ ಬಂದರು. ಸಂಜೆ ಸಂಜೆ ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದವನಿಗೆ ಕಣ್ಣು ಹೋಗಿತ್ತು. ಕೆಳಬೀದಿಯಲ್ಲಿ ಒಬ್ಬಳು ಸಾಸಿವೆ ಅಕ್ಷರ ಓದುತ್ತಾಳೆ ಎಂದು ಸುದ್ದಿ ಹೋಗಿತ್ತು. ಅವಳು ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಮನೆಮನೆಗೂ ಹೋಗಿ ಹೇಳಿ ಬಂದಳು, ಮನೆಯ ಮುಂದಿನ ಬೇವಿನ ಮರಕ್ಕೂ ಹೇಳಿದಳು. ಬೆಳಕಣ್ಣನಿಗೆ ಮಾತ್ರ ಹೇಳಲಿಲ್ಲ. ಹೋಗಿ ಬರುತ್ತೇನೆ ಎಂದು ಬೆಳಕಿಗೆ ಯಾರು ಹೇಳುತ್ತಾರೆ?

ಮೇಲ್ಬೀದಿಗೆ ಒಬ್ಬ ಕೈದಿ ಸಾಲದು, ಅಲ್ಲಿ ಕೈದಿಗಳನ್ನು ಸಾಲಾಗಿ ಕೂರಿಸಿ ಬಾಯಿಗೆ ಬಟ್ಟೆ ತುರುಕುತ್ತಿದ್ದರು. ಬಿಳಿ ಬೆಳಕು, ನೆರಳೇ ಬೀಳದಷ್ಟು. ಸಂಜೆಯಾದರೆ ಅವಳು ಕಟ್ಟೆಯ ಮೇಲೆ ಕೂತು ಓದುವಳು, ಮೇಲ್ಬೀದಿಯೆಲ್ಲ ಕೇಳುವುದು. ನಿನಗೆ ಕಲಿಸಿದವರು ಯಾರು ಎಂದು ಕೇಳಿದರೆ, ‘ಯಾರೂ ಇಲ್ಲ, ನಾನೇ ಕಲಿತೆ’ ಅನ್ನುವಳು. ನೂರು ಜನ ಕೇಳಿದರೂ ಅದೇ ಮಾತು. ಸುಳ್ಳೇನಲ್ಲ ಎಂದು ಎದೆ ತಟ್ಟಿಕೊಳ್ಳುವಳು. ಆದರೂ ಅವಳಿಗೆ ಏನೋ ಒಂದು ಕೊರೆ. ಎಷ್ಟೋ ಪುಸ್ತಕ ತೆರೆದಳು, ಮೂಗಿಗೆ ಹಿಡಿದಳು. ಯಾವುದಕ್ಕೂ ಆ ವಾಸನೆ ಇರಲಿಲ್ಲ. ತಾನು ಕಣ್ಣು ಕಿರಿದು ಮಾಡಿದರೂ ಇಲ್ಲಿನ ಅಕ್ಷರ ಬೆಳಗುತ್ತಿರಲಿಲ್ಲ. ಹೀಗೇ ಕೂದಲು ಬೆಳ್ಳಗಾಯಿತು.

ಆ ವರ್ಷ ಬೇವು ಹೂ ಬಿಟ್ಟಾಗ ಕೆಳಬೀದಿಯ ಯಜಮಾನ ಗುಡ್ಡ ಹತ್ತಿ ಬಂದ. ಓದುವವಳ ಜೊತೆ ಕವಡೆಗೆ ಜಗಳವಾಡಿದ ಹುಡುಗನೇ ಈಗ ಕೋಲೂರಿದ ಯಜಮಾನ. ಬೆಳಕಣ್ಣ ಮಂಕಾಗಿದ್ದಾನೆ, ಹೆಂಗಸರಿಗೆ ಎಳ್ಳಿನ ಜೊತೆ ಕಲ್ಲೂ ಉಳಿಯುತ್ತಿದೆ ಅಂದ. ಬಳೆಗಾರನಿಗೆ ಹೇಳಿ ಕೊರಳಿಗೊಂದು ಬಳೆ ತರಿಸಿದ್ದೇವೆ, ಅದು ಬಿದ್ದರೆ ಮತ್ತೆ ಮೊದಲಿನ ಬೆಳಕು ಬರುತ್ತದೆ ಅಂದ. ಕೊರಳ ಬಳೆಯನ್ನು ಬಳೆಗಾರ ತೊಡಿಸುವ ಹಾಗಿಲ್ಲ. ಬೀದಿಗೆ ಹೆಸರು ತಂದ ಮಗಳು ತೊಡಿಸಬೇಕು, ಅದು ಪದ್ಧತಿ.

ಓದುವವಳಿಗೆ ಗೊತ್ತಿತ್ತು, ಕೊರಳಿಗೆ ಬಳೆ ಬಿದ್ದವನು ಮತ್ತೆ ಎಲ್ಲೂ ತಲೆ ಇಡುವ ಹಾಗಿಲ್ಲ, ಇಟ್ಟರೆ ಬಳೆ ಮುಟ್ಟುತ್ತದೆ. ಗೊತ್ತಿದ್ದೂ ಒಪ್ಪಿದಳು. ಒಂದು ಸಂಜೆ, ಒಂದೇ ಒಂದು ಸಂಜೆ ಆ ಕಲ್ಲಿಗೆ ಒರಗಿ ಕೂತು ಆ ನೀಲಿಯಲ್ಲಿ ಓದಬೇಕೆಂಬ ಆಸೆ ಅವಳಿಗೆ. ಪೆಟ್ಟಿಗೆಯ ತಳದಿಂದ ರಟ್ಟಿಲ್ಲದ ಪುಸ್ತಕ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡ ಇಳಿದಳು.

ಬೀದಿ ಚಿಕ್ಕದಾಗಿತ್ತು. ಬೇವಿನ ಮರ ದೊಡ್ಡದಾಗಿತ್ತು. ಬಾಗಿಲು ಬಾಗಿಲಲ್ಲೂ ನಿಂತು ಮಾತಾಡಿಸಿದರು. ಅವಳ ಓರಗೆಯ ಹಪ್ಪಳದವಳು ಹಿಟ್ಟಿನ ಕೈಯಲ್ಲೇ ಓಡಿ ಬಂದು, ಏನೇ ಮೇಲ್ಬೀದಿಯವಳೇ, ಇಳಿಯೋ ದಾರಿ ಮರೆತಿದ್ಯಾ, ಇಲ್ಲಾ ಮಂಡಿ ನೋವಾ ಎಂದು ಕೆಣಕಿದಳು. ಎರಡೂ ಎಂದು ಓದುವವಳು ನಕ್ಕಳು. ಸುಣ್ಣದ ಗೋಡೆಯ ಮೇಲೆ ಅವಳು ಬರೆದ ಚಿತ್ರ ಹಾಗೇ ಇತ್ತು. ವರ್ಷ ವರ್ಷ ಸುಣ್ಣ ಬಳಿಯುವವರು ಅದೊಂದನ್ನು ಬಿಟ್ಟು ಸುತ್ತ ಬಳಿದಿದ್ದರು. ಓದುವವಳ ಕೈ ಬರಹ ಅಲ್ಲವೇ ಎಂದು ಬೀದಿಯ ಮಕ್ಕಳಿಗೆ ತೋರಿಸುತ್ತಿದ್ದರಂತೆ.

ಬೆಳಕಣ್ಣ ಸೊರಗಿದ್ದ. ಕೈ ಸೊರಗಿದಂತೆ ಬಳೆಯೂ ಸೊರಗಿತ್ತು. ಮುಟ್ಟುತ್ತಿರಲಿಲ್ಲ, ಮುಟ್ಟದೆ ಹಿಡಿದಿತ್ತು. ಮಡಿಲಲ್ಲಿ ಅದೇ ಮಡಿಸಿದ ಬಟ್ಟೆ. ಅವನ ಕಣ್ಣಿಗೆ ಅವಳ ಗುರುತು ಹತ್ತಲಿಲ್ಲ. ಅವಳು ಕಲ್ಲಿಗೆ ಒರಗಿ ಕೂತಳು. ಬಿಳಿಗೂದಲು ಒಂದೊಂದಾಗಿ ಎದ್ದು ನಿಂತಿತು. ಅದನ್ನು ನೋಡಿ ಅವನು ತಲೆ ಬಗ್ಗಿಸಿ, ನಿನ್ನೆ ಬಿಟ್ಟ ಮಾತನ್ನು ಇವತ್ತು ಹಿಡಿದವನ ಹಾಗೆ ಕೇಳಿದ.

‘ಆಮೇಲೆ ದೋಣಿ ಏನಾಯ್ತವ್ವ?’

ಓದುವವಳು ಬೆಚ್ಚಿದಳು. ಬೆಳಕು ಕಥೆ ಕೇಳುತ್ತಿತ್ತೆಂದು ಅವಳಿಗೆ ಹೊಳೆದೇ ಇರಲಿಲ್ಲ. ತಡಬಡಿಸಿ ಪುಸ್ತಕ ತೆರೆದಳು. ದೋಣಿ ನಡುನೀರಿನಲ್ಲಿದ್ದ ಪುಟ ಹುಡುಕಿದಳು. ಬೀದಿಯ ತುಂಬ ಎಲೆ ಹಾಕುವ ಗಡಿಬಿಡಿ. ಬಳೆಗಾರ ಒಂದು ಕೋಲಿನ ತುದಿಗೆ ಕೊರಳ ಬಳೆ ಸಿಕ್ಕಿಸಿಕೊಂಡು ಬೇವಿನ ಬುಡದಲ್ಲಿ ಕೂತಿದ್ದ. ಮಬ್ಬಿನಲ್ಲಿ ಅವಳಿಗೆ ಸಾಲು ಕಾಣಲಿಲ್ಲ. ಹಳೆಯ ಹಟ ಬಂತು. ಮೂಗು ತಾಗಿಸಿ ಕಣ್ಣು ಕಿರಿದು ಮಾಡಿದಳು.

ಸಾಲು ಬೆಳಗಿತು.

ನೋಡು, ಇನ್ನೂ ಇದೆ ನನ್ನ ಕಣ್ಣಿಗೆ ಎಂದು ಅವಳ ಜೀವ ಹಿಗ್ಗಿತು. ಓದತೊಡಗಿದಳು. ಅಂಬಿಗಿತ್ತಿ ಸೆರಗು ಬಿಚ್ಚಿ ಮುರಿದ ಹುಟ್ಟಿಗೆ ಸುತ್ತಿದಳು. ಆಗ ಆ ವಾಸನೆ ಬಂತು. ಇಷ್ಟು ವರ್ಷ ಅಷ್ಟು ಪುಸ್ತಕದಲ್ಲಿ ಹುಡುಕಿದ್ದು, ಬಿಸಿ ಕಾವಲಿಗೆ ಕೂದಲೆಳೆ ಬಿದ್ದಂಥದು. ಅವಳು ಪುಟವನ್ನು ಮೂಗಿಗೆ ಒತ್ತಿ ಹಿಡಿದಳು. ಪುಟಕ್ಕೆ ವಾಸನೆ ಇರಲಿಲ್ಲ. ಪುಟ ತಿರುಗಿಸಿದಳು, ಬೆಳಕು ಇಳಿಯಿತು, ವಾಸನೆ ನಿಂತಿತು. ಸಾಲಿಗೆ ಬಗ್ಗಿದಳು, ಬೆಳಕು ಏರಿತು, ವಾಸನೆ ಬಂತು. ಅವಳು ಬಗ್ಗಿದ ತಲೆಯನ್ನು ಎತ್ತದೆ ಕಣ್ಣನ್ನು ಮಾತ್ರ ಹೊರಳಿಸಿದಳು.

ಮಡಿಲ ಬಟ್ಟೆಯ ಮರೆಯಲ್ಲಿ ಬೆಳಕಣ್ಣ ತನ್ನ ಮಣಿಕಟ್ಟನ್ನು ಬಳೆಗೆ ಒತ್ತುತ್ತಿದ್ದ. ಜಗ್ಗುತ್ತಿರಲಿಲ್ಲ. ಮೆಲ್ಲಗೆ, ಡಬ್ಬಿಯ ಮುಚ್ಚಳ ಒತ್ತುವ ಹಾಗೆ, ಅವಳಿಗೆ ಎಷ್ಟು ಬೇಕೋ ಅಷ್ಟೇ ಒತ್ತುತ್ತಿದ್ದ. ಕೈಯ ಸುತ್ತ ಸುಟ್ಟ ಗೆರೆಗಳು, ಹಳೆಯದರ ಮೇಲೆ ಹೊಸದು, ಮರ ಕಡಿದಾಗ ಕಾಣುವ ಸುತ್ತುಗಳಂತೆ. ಅವಳು ಅವನ ಮುಖ ನೋಡಿದಳು. ಹಲ್ಲೆಲ್ಲ ಕಾಣುತ್ತಿದ್ದವು. ಗೋಡೆಯ ಮೇಲೆ ಅವಳು ಬರೆದಿದ್ದು ಇದೇ ಬಾಯಿ. ಅದು ನಗುವಾಗಿರಲಿಲ್ಲ.

‘ಯಾವಾಗಿಂದ?’ ಅಂದಳು.

‘ನೀನು ಸಣ್ಣ ಅಕ್ಷರಕ್ಕೆ ಬಂದ್ಯಲ್ಲ, ಆವಾಗಿಂದ.’

‘ಒಂದು ಮಾತು ಹೇಳಬಾರದಾಗಿತ್ತಾ?’

‘ಹೇಳಿದ್ರೆ ನೀನು ಓದು ನಿಲ್ಲಿಸ್ತಿದ್ದೆ. ದೋಣಿ ಅಲ್ಲೇ ನಿಲ್ತಿತ್ತು.’

ಅವಳು ಕೇಳಬಾರದ ಮಾತನ್ನು ಕೊನೆಗೆ ಕೇಳಿಯೇಬಿಟ್ಟಳು. ಏನು ತಪ್ಪು ಮಾಡಿ ಬಂದೆ ಬೆಳಕಣ್ಣ ಅಂದಳು. ಅವನು ನೆನಪು ಮಾಡಿಕೊಂಡ. ಯಾರದೋ ಗಿಡದ ಹಣ್ಣು ಕಿತ್ತಿದ್ದೆ ಅಂತ ಕಾಣುತ್ತದೆ, ಇಲ್ಲಾ ಪಕ್ಕದಲ್ಲಿದ್ದವನು ಕಿತ್ತಿದ್ದ, ಸರಿಯಾಗಿ ನೆನಪಿಲ್ಲ ಅಂದ. ಆಮೇಲೆ ಪುಸ್ತಕದ ಕಡೆ ಗದ್ದ ತೋರಿಸಿದ.

‘ಓದವ್ವ. ಇನ್ನೂ ಸ್ವಲ್ಪ ಇದೆ ನನ್ನ ಹತ್ರ.’

ಓದುವವಳು ಪುಸ್ತಕ ಮುಚ್ಚಿದಳು.

ಊಟವಾಯಿತು. ಅವಳು ಏನುಂಡಳೋ ಅವಳಿಗೇ ತಿಳಿಯಲಿಲ್ಲ. ಪದ್ಧತಿಯಂತೆ ಯಜಮಾನ ಎದ್ದು ನಿಂತು, ಸಾಕೇ ಎಂದು ಕೇಳಿದ. ಬೀದಿಗೆ ಬೀದಿಯೇ, ಇನ್ನೂ ಸ್ವಲ್ಪ, ಅಂದಿತು. ಅವಳ ನಾಲಗೆಯ ಮೇಲೂ ಅದೇ ಮಾತು ಎದ್ದು ಬಂತು, ಅಷ್ಟು ಹಳೆಯ ರೂಢಿ. ಬಳೆಗಾರ ಕೋಲನ್ನು ಅವಳ ಕೈಗೆ ಕೊಟ್ಟ. ತುದಿಯಲ್ಲಿ ಕೊರಳ ಬಳೆ ಬೆಳ್ಳಗೆ ತೂಗುತ್ತಿತ್ತು. ಬೆಳಕಣ್ಣ ಅವಳಿಗೆ ಸುಲಭವಾಗಲಿ ಎಂದು ಕತ್ತು ಬಗ್ಗಿಸಿದ.

ಅವಳಿಗೆ ಮೇಲ್ಬೀದಿಯ ಕಟ್ಟೆ ಕಂಡಿತು, ಕಟ್ಟೆಯ ಪಕ್ಕದ ಪುಸ್ತಕಗಳ ಅಟ್ಟಿ ಕಂಡಿತು, ಇನ್ನೂ ಓದದೆ ಉಳಿದ ಎಷ್ಟೋ ಸಂಜೆ ಕಂಡವು. ಸಾಕು ಅಂದರೆ ಅದೆಲ್ಲ ಹೋಗುತ್ತದೆ. ಬೆಳಕಿಗೆ ಕೂರದವಳು ಮೇಲ್ಬೀದಿಗೆ ಏನು ಓದಿಯಾಳು? ಅನ್ನದೆ ಹೋದರೆ ಎಲ್ಲವೂ ಉಳಿಯುತ್ತದೆ. ಒಂದನ್ನು ಬಿಟ್ಟು. ಕಲಿಸಿದವರು ಯಾರು ಎಂದು ಕೇಳಿದರೆ ಇನ್ನು ಮೇಲೆ ಯಾವ ಬಾಯಿಂದ ಉತ್ತರ ಹೇಳುವುದು?

ಕೋಲನ್ನು ನೆಲಕ್ಕೆ ಹಾಕಿದಳು. ಕಲ್ಲಿನ ಬಳಿ ಕೂತು, ಅವನ ಎರಡು ಕೈಯನ್ನೂ ಜೋಡಿಸಿ, ಬಳೆಗಳ ಮೇಲೆ ಅಂಗೈ ಅಡ್ಡ ಹಿಡಿದಳು. ಮುಟ್ಟದೆ ಹಿಡಿಯುವ ಬಳೆ ಅವಳನ್ನು ಮುಟ್ಟಿತು. ಮೊಣಕೈ ತನಕ ಕೆಂಡ ಹರಿಯಿತು. ಅವಳು ಓದಿದ ಒಂದೊಂದು ಪುಟಕ್ಕೂ ಅವನು ಪಟ್ಟ ನೋವು ಇಷ್ಟು. ಎಷ್ಟು ಪುಟ ಓದಿದ್ದಳು!

‘ಸಾಕು’ ಅಂದಳು.

ಬಳೆ ಕಳಚಿತು. ಮಂಜಿನ ಹಾಗೆ ಕರಗಿತು. ನೆಲದ ಮೇಲಿದ್ದ ಕೊರಳ ಬಳೆಯೂ ಆರಿತು. ಹಿಡಿಯಬೇಕಾದ ಕೊರಳು ಬಿಡುಗಡೆಯಾದರೆ ಬಳೆ ಬೆಳಗುವುದಿಲ್ಲ. ಗುಂಯ್ ನಿಂತಿತು. ಅದು ನಿಂತಾಗ ಬೀದಿಗೆ ತನ್ನ ಕಿವಿಯೇ ಬಿದ್ದುಹೋದಂತಾಯಿತು. ಆ ಸದ್ದಿಲ್ಲದೆ ಎಂದೂ ಮಲಗದ ಕೂಸುಗಳೆಲ್ಲ ಒಟ್ಟಿಗೆ ಎದ್ದು ಅತ್ತವು.

ಆಮೇಲೆ ಬೈಗುಳ ಶುರುವಾಯಿತು. ಕತ್ತಲಲ್ಲಿ ಯಾರು ಯಾರನ್ನು ಬೈಯುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ. ಹೆಸರು ತರುತ್ತಾಳೆಂದು ಕರೆಸಿದರೆ ಉಂಡ ಎಲೆಯೂ ಕಾಣದ ಹಾಗೆ ಮಾಡಿದಳು ಎಂದು ಯಜಮಾನ ಗೋಳಾಡಿದ. ಹಪ್ಪಳದವಳು ತನ್ನ ಹಿಟ್ಟಿನ ಮೇಲೆ ಯಾರೋ ಕಾಲಿಟ್ಟರೆಂದು ಕೂಗಿದಳು. ನಾಳೆ ನನ್ನ ಮೊಮ್ಮಕ್ಕಳು ಎಲ್ಲಿ ಕೂತು ಓದಬೇಕೇ ಎಂದು ಕೇಳಿದಳು. ಹಗಲಲ್ಲಿ ಓದಲಿ ಎಂದು ಓದುವವಳು ಹೇಳಿದಳು. ಹಗಲು ಕೆಲಸ ಇರುತ್ತಲ್ಲೇ ಅಂದರೆ, ಕೆಲಸ ಕಾಯಲಿ ಅಂದಳು. ಬಳೆಗಾರ ಕತ್ತಲಲ್ಲೇ ಕೋಲು ತಡಕಿ ಹುಡುಕಿಕೊಂಡು, ಬರುವ ವರ್ಷ ಇನ್ನೊಬ್ಬನನ್ನು ತರುತ್ತೇನೆ, ಗಾಬರಿಯಾಗಬೇಡಿ ಎಂದು ಯಜಮಾನನಿಗೆ ಸಮಾಧಾನ ಹೇಳಿದ.

‘ತಗೊಂಡು ಬಾ’ ಎಂದಳು ಓದುವವಳು. ‘ನಾನು ಇನ್ನು ಇಲ್ಲೇ ಇರೋಳು. ಅವನಿಗೂ ಕೈ ಅಡ್ಡ ಹಿಡೀತೀನಿ.’

ಆಗ ಕಲ್ಲಿನ ಕಡೆಯಿಂದ ಬೆಳಕಣ್ಣನ ದನಿ ಬಂತು, ಬಹಳ ದಿನದ ಮೇಲೆ ನೆಂಟರನ್ನು ಕಂಡವನ ದನಿ.

‘ಇದೇ ಅಲ್ವಾ ಕತ್ತಲು? ಮರೆತೇ ಹೋಗಿತ್ತು. ಕಣ್ಣು ಮುಚ್ಚಿದ್ರೂ ರೆಪ್ಪೆಯೊಳಗೆ ಬೆಳಕೇ ಇರೋದು.’

ಅವನು ಕಲ್ಲಿನ ಮೇಲೆ ಕಾಲು ಚಾಚಿ ಮಲಗಿದ ಸದ್ದಾಯಿತು. ಎರಡು ಕೈಯನ್ನೂ ಆ ಕಡೆ ಒಂದು, ಈ ಕಡೆ ಒಂದು, ಬೇಕಾದಷ್ಟು ದೂರ ಚಾಚಿದ. ಒಂದು ಕೈ ಓದುವವಳ ತಲೆಗೆ ತಾಗಿತು. ಕೂದಲು ಮಲಗಿಕೊಂಡಿತ್ತು. ದೋಣಿ, ಎಂದು ಅವನು ನೆನಪು ಮಾಡಿದ.

ಅವಳಿಗೆ ಪುಸ್ತಕ ಬೇಕಿರಲಿಲ್ಲ, ಬಾಯಿಪಾಠವಾಗಿ ಎಷ್ಟೋ ಕಾಲವಾಗಿತ್ತು. ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳತೊಡಗಿದಳು. ಅಂಬಿಗಿತ್ತಿ ಸೆರಗು ಸುತ್ತಿದ ಹುಟ್ಟನ್ನು ನೀರಿಗಿಟ್ಟಳು. ದೋಣಿ ಒಂದು ಸುತ್ತು ಸುತ್ತಿತು. ಆಚೆ ದಡದಲ್ಲಿ ಅಪ್ಪ ಕೈಯೆತ್ತಿದ. ಅಳುತ್ತಿದ್ದ ಕೂಸುಗಳು ಒಂದೊಂದಾಗಿ ಅಳು ನಿಲ್ಲಿಸಿದವು. ಗೋಣಿ ಎಳೆದುಕೊಂಡು ಜನ ಹತ್ತಿರ ಹತ್ತಿರ ಸರಿದರು, ಕಾಣದ್ದರಿಂದ ಒಬ್ಬರ ಭುಜಕ್ಕೆ ಒಬ್ಬರು ಆತುಕೊಂಡು ಕೂತರು. ಬೇವಿನ ಹೂವಿನ ವಾಸನೆ ಬೀದಿಯ ತುಂಬ ಇತ್ತು. ಅದು ಮೊದಲೂ ಇದ್ದಿರಬೇಕು.

ಹೊಳೆಯ ಸೆಳೆತ ಇನ್ನೂ ಇತ್ತು, ದಡ ಇನ್ನೂ ದೂರವಿತ್ತು. ಬೆಳಕಣ್ಣನ ಉಸಿರು ಉದ್ದವಾಯಿತು, ಭಾರವಾಯಿತು, ಆಮೇಲೆ ಸಣ್ಣಗೆ ಗೊರಕೆಯಾಯಿತು. ಓದುವವಳು ಮಾತು ನಿಲ್ಲಿಸಿದಳು.

ಕತ್ತಲಲ್ಲಿ ಎಲ್ಲರೂ ಕಾದರು.

‘ಆಮೇಲೆ ದೋಣಿ ಏನಾಯ್ತೇ?’ ಎಂದು ಹಪ್ಪಳದವಳು ಪಿಸುಗುಟ್ಟಿದಳು.

‘ಅವನು ಏಳಲಿ’ ಅಂದಳು ಓದುವವಳು.